ಗಾಳಿ ಕೇಳಿ ಗಂಟೆ ಹೇಳುವ ಬಾತಿಮಾ

ನವೆಂಬರ್ ಕೊನೆಯ ವಾರ. ಗಡಿಯಾರ ಎಂಟು ತೋರಿಸುತ್ತಿದ್ದರೂ ಅಕ್ತಾವ್‌ನ ಆಕಾಶ ಇನ್ನೂ ಸರಿಯಾಗಿ ಕಣ್ಣು ಬಿಟ್ಟಿಲ್ಲ. ಕ್ಯಾಸ್ಪಿಯನ್ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ವಿಮಾನ ನಿಲ್ದಾಣದ ಗಾಜುಗಳು ಗಡಗಡ ಅಲ್ಲಾಡುತ್ತಿವೆ. ಕೆಳಗಿನ ಅಂತಸ್ತಿನಲ್ಲಿ, ಮೆಟ್ಟಿಲಿನ ಅಡಿಯಲ್ಲಿ ಸಿಕ್ಕಿಕೊಂಡಂತಿರುವ ವಿಚಾರಣೆ ಕೋಣೆಯಲ್ಲಿ, ಬಾತಿಮಾ ಕೊಯ್ಶಿಬಾಯೆವಾ ಒಂದು ಕೈಯಲ್ಲಿ ಹಾಲು ಹಾಕಿದ ಟೀ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕೂತಿದ್ದಾರೆ. ಆ ಕಡೆಯಿಂದ ಮಾತಾಡುತ್ತಿರುವ ಹೆಂಗಸಿನ ಮನೆಗೆ ದೇಶದ ಇನ್ನೊಂದು ತುದಿಯ ಅಲ್ಮಾಟಿಯಿಂದ ಬೀಗರು ಬರುತ್ತಿದ್ದಾರೆ.

“ಕುರಿಯೋ ಕುದುರೆಯೋ?” ಎಂದು ಬಾತಿಮಾ ಕೇಳುತ್ತಾರೆ.

“ಕುದುರೆ, ಅಪಾ” ಎಂದು ಅಕ್ಕನನ್ನು ಕರೆಯುವಂತೆ ಆ ಹೆಂಗಸು ಹೇಳುತ್ತಾಳೆ.

“ಹಾಗಾದ್ರೆ ಒಂಬತ್ತಕ್ಕೆ ಒಲೆ ಹಚ್ಚು. ಮುಂಚೆ ಹಚ್ಬೇಡ, ಕರಗಿ ಹೋಗುತ್ತೆ.”

“ನಿಲ್ದಾಣದ ಬೋರ್ಡು ಇಂಟರ್ನೆಟ್ಟಲ್ಲಿ ನೋಡಿದೆ, ಹನ್ನೊಂದಕ್ಕೇ ಇಳಿಯುತ್ತೆ ಅಂತಿದೆಯಲ್ಲಾ?”

“ಬೋರ್ಡು ಮಾಂಸ ತಿನ್ನಲ್ಲಮ್ಮ. ಎದುರುಗಾಳಿ ಜೋರಾಗಿದೆ. ಹನ್ನೊಂದೂವರೆ ಆಗುತ್ತೆ. ಆಮೇಲೆ ಮಾತು ಬದಲಾದ್ರೆ ನಾನೇ ಫೋನ್ ಮಾಡ್ತೀನಿ, ನೀನು ಹಿಟ್ಟು ನಾದಿಕೋ.”

ಊರಿನ ಲೆಕ್ಕ ಇದು. ನೆಂಟರು ಚಪ್ಪಲಿ ಬಿಡುವ ಹೊತ್ತಿಗೆ ಮಾಂಸ ಮೂಳೆ ಬಿಟ್ಟಿರಬೇಕು, ಹಿಟ್ಟಿನ ಹಾಳೆ ಸಾರಿಗೆ ಬೀಳಬೇಕು. ಬೆಂದು ಆರಿದ್ದನ್ನು ಬೀಗರ ಮುಂದಿಟ್ಟರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಅಲ್ಮಾಟಿಯಿಂದ ಅಕ್ತಾವ್‌ಗೆ ವಿಮಾನ ಹಾರುವ ಹೊತ್ತೂ ಕುದುರೆ ಮಾಂಸ ಬೇಯುವ ಹೊತ್ತೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಬಾತಿಮಾ ಹೇಳುವುದು ವಿಮಾನದ ಹೊತ್ತಾದರೂ ಜನ ಕೇಳಿಸಿಕೊಳ್ಳುವುದು ಒಲೆಯ ಹೊತ್ತು. “ಕುರಿ ಆದ್ರೆ ವಿಮಾನ ಎದ್ದು ಎರಡು ಗಂಟೆ ಆದ್ಮೇಲೆ ಹಚ್ಚಿ. ಕುದುರೆ ಆದ್ರೆ ಎದ್ದು ಒಂದು ಗಂಟೆಗೇ ಹಚ್ಚಿ. ಒಂಟೆ ಆದ್ರೆ ನೆಂಟರು ಅಲ್ಲಿ ಮನೆ ಬಿಡೋಕೆ ಮುಂಚೇನೇ ಹಚ್ಚಿ” ಎಂದು ಹೇಳಿ ಹೇಳಿ ಅವರಿಗೆ ಬಾಯಿಪಾಠವಾಗಿದೆ.

ಬಾತಿಮಾಗೆ ಅರವತ್ತು ವರ್ಷ. ಈ ಕುರ್ಚಿಯಲ್ಲಿ ಮೂವತ್ಮೂರು ವರ್ಷ. ಬೆಳಿಗ್ಗೆ ಆರಕ್ಕೆ ಬಂದರೆ ಸಂಜೆ ಐದಕ್ಕೆ ಏಳುತ್ತಾರೆ, ವಾರಕ್ಕೆ ಆರು ದಿನ. ದಿನಕ್ಕೆ ನೂರಾ ಹತ್ತು ಕರೆ, ಮದುವೆ ಕಾಲದಲ್ಲಿ ನೂರೈವತ್ತು. ಫೋನು ಹಿಡಿದೂ ಹಿಡಿದೂ ಎಡಗಿವಿ ಮಂದವಾಗಿದೆ, ಈಗ ಬಲಗಿವಿಯ ಸರದಿ. ಕೋಣೆಗೆ ಕಿಟಕಿಯಿಲ್ಲ. ಸಾವಿರಾರು ವಿಮಾನಗಳ ಹೊತ್ತು ಹೇಳಿದವರಿಗೆ ಕೂತಲ್ಲಿಂದ ಒಂದು ವಿಮಾನವೂ ಕಾಣುವುದಿಲ್ಲ. ಎಲೆಮರೆಯ ಕಾಯಿ ಎನ್ನೋಣವೆಂದರೆ ಈ ಒಣನೆಲದಲ್ಲಿ ಎಲೆಗೇ ಬರ. ಮೆಟ್ಟಿಲಮರೆಯ ದನಿ ಎನ್ನಬಹುದು. ಊರಿಗೆಲ್ಲ ದನಿ ಗೊತ್ತು, ಮುಖ ಗೊತ್ತಿರುವವರು ಬೆರಳೆಣಿಕೆ. ಅಂಗಡಿಯಲ್ಲಿ ಬ್ರೆಡ್ಡು ಕೇಳಿದರೆ ಮಾತ್ರ ಪಕ್ಕದವರು ತಿರುಗಿ ನೋಡಿ, “ಅಯ್ಯೋ, ಮಾಂಸದ ಬಾತಿಮಾ ನೀವೇನಾ?” ಎನ್ನುತ್ತಾರೆ.

ಹೊತ್ತು ಹೇಳುವ ಮುಂಚೆ ಅವರು ಮಾಡುವ ಕೆಲಸ ಒಂದೇ. ಮೇಲಂತಸ್ತಿನ ಹವಾಮಾನ ಕೋಣೆಗೆ ಫೋನ್ ಮಾಡುತ್ತಾರೆ. ಅಲ್ಲಿರುವ ಲರೀಸಾ ಇಪ್ಪತ್ತು ವರ್ಷದ ಗೆಳತಿ.

“ಏನು ಬಾತಿಮಾ, ಇವತ್ತು ಎಷ್ಟು ಕುದುರೆ ಒಲೆ ಮೇಲೆ?”

“ನಿನ್ನ ಗಾಳಿ ಹೇಳು, ನನ್ನ ಕುದುರೆ ಹೇಳ್ತೀನಿ.”

“ಪಡುವಣ ಗಾಳಿ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ ನೂರಾ ಎಪ್ಪತ್ತು. ನೇರ ಮೂತಿಗೇ ಬಡೀತಿದೆ.”

“ಮೂರೂವರೆ ಗಂಟೆ ಹಾಗಾದ್ರೆ.”

“ನೀನು ಹೇಳಿದ್ಮೇಲೆ ವಿಮಾನಕ್ಕೆ ಬೇರೆ ದಾರಿ ಉಂಟಾ?” ಎಂದು ನಕ್ಕು ಲರೀಸಾ ಫೋನಿಡುತ್ತಾರೆ.

ಆಕಾಶದ ದಾರಿಯಲ್ಲಿ ಅಲ್ಮಾಟಿ ಸುಮಾರು ಎರಡು ಸಾವಿರದ ನೂರು ಕಿಲೋಮೀಟರ್. ರೈಲು ಹತ್ತಿದರೆ ಎರಡು ದಿನ ದಾಟುತ್ತದೆ. ದೂರ ಅಷ್ಟೇ ಇದ್ದರೂ ಹೊತ್ತು ದಿನಕ್ಕೊಂದು. ಪಡುವಣದಿಂದ ಮೂಡಣಕ್ಕೆ ಬೀಸುವ ಮೇಲಿನ ಗಾಳಿ ಇಲ್ಲಿಗೆ ಬರುವ ವಿಮಾನವನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ಲಿಗೆ ಹೋಗುವುದನ್ನು ಬೆನ್ನು ತಟ್ಟಿ ಕಳಿಸುತ್ತದೆ. ಹೋಗುವಾಗ ಎರಡೂವರೆ ಗಂಟೆಗೆ ಮುಟ್ಟಿಸಿದ ದಾರಿಯೇ ಬರುವಾಗ ಮೂರೂವರೆ ಗಂಟೆ ತಿನ್ನುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಜಗಳ ಅಷ್ಟೆತ್ತರದಲ್ಲೂ ತಪ್ಪಿದ್ದಲ್ಲ. ವೇಳಾಪಟ್ಟಿ ಮಾತ್ರ ವರ್ಷವಿಡೀ ಮೂರು ಗಂಟೆ ಐದು ನಿಮಿಷ ಎನ್ನುತ್ತಿರುತ್ತದೆ.

ಈ ಬುದ್ಧಿ ಎಲ್ಲಿಂದ ಬಂತು ಎಂದರೆ ಬಾತಿಮಾ ಒಂಟೆ ಮೇಯಿಸುತ್ತಿದ್ದ ಅಪ್ಪನನ್ನು ನೆನೆಯುತ್ತಾರೆ. “ಒಂಟೆ ಹಿಂಡು ಎಷ್ಟು ದೂರ ಇದೆ ಅಂತ ಯಾರಾದ್ರೂ ಕೇಳಿದ್ರೆ, ಅಪ್ಪ ಮೊದ್ಲು ತಲೆ ಎತ್ತಿ ಗಾಳಿ ಎತ್ಲಾಗಿದೆ ಅಂತ ನೋಡೋನು. ಆಮೇಲೇ ಬಾಯಿ ಬಿಡೋನು. ಎದುರುಗಾಳಿ ಇದ್ರೆ ದೂರ ಅಷ್ಟೇ ಆದ್ರೂ ಒಂಟೆ ಮನೆಗೆ ತಡವಾಗಿ ಬರುತ್ತೆ. ವಿಮಾನಾನೂ ಒಂಟೇನೇ, ಸ್ವಲ್ಪ ಅವಸರ ಜಾಸ್ತಿ.” ಕಿಲೋಮೀಟರಿಗೆ ಇಲ್ಲಿನ ಭಾಷೆಯಲ್ಲಿ ಶಕಿರಿಮ್ ಎನ್ನುತ್ತಾರೆ. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ದೂರ ಎಂದು ಅರ್ಥ. “ಎರಡು ಸಾವಿರದ ನೂರು ಜನ ಸಾಲಾಗಿ ನಿಂತು ಕೂಗಿದ್ರೆ ಅಲ್ಮಾಟಿಗೆ ಕೇಳುತ್ತೆ. ಅಷ್ಟು ಜನಾನ ಎಲ್ಲಿಂದ ತರೋದು? ಅದಕ್ಕೇ ನಾನೊಬ್ಬಳು ಕೂತಿದೀನಿ.”

ಎಂಟೂ ಹನ್ನೆರಡಕ್ಕೆ ಮತ್ತೆ ಫೋನು ಬಡಿದುಕೊಳ್ಳುತ್ತದೆ. ಈ ಸಲ ಬಾತಿಮಾ ಟೀ ಬಟ್ಟಲು ಕೆಳಗಿಡುತ್ತಾರೆ.

“ಬಾತಿಮಾ ಅಲ್ವಾ? ನಾನು ದಾಲಬಾಯ್.”

ಆ ಹೆಸರನ್ನು ಅವರು ಇಪ್ಪತ್ತು ತಿಂಗಳಿಂದ ಕೇಳಿರಲಿಲ್ಲ. ಮರೆತೂ ಇರಲಿಲ್ಲ.

“ನಿನ್ನೆ ಮಧ್ಯಾಹ್ನ ಅವ್ವ ಹೋದ್ಲು” ಎನ್ನುತ್ತಾನೆ ದಾಲಬಾಯ್. “ಅಜಿಗಾಲಿ ಬೆಳಗಿನ ವಿಮಾನದಲ್ಲಿ ಕೂತಿದ್ದಾನೆ. ಅಲ್ಲಿ ಹಿಮ ಬಿದ್ದಿದೆಯಂತೆ, ರೆಕ್ಕೆ ತೊಳೀತಿದ್ದಾರಂತೆ. ಈಗ ತಾನೇ ಫೋನ್ ಮಾಡಿದ್ದ. ಬೋರ್ಡಲ್ಲಿ ಇನ್ನೂ ಹನ್ನೊಂದೂ ಐದು ಅಂತಲೇ ಇದೆ. ಹಿರಿಯರು ಹನ್ನೆರಡೂವರೆಗೆ ಎತ್ತೋಣ ಅಂತಿದ್ದಾರೆ. ಸ್ಮಶಾನ ಇಲ್ಲಿಂದ ನಲವತ್ತು ಕಿಲೋಮೀಟರ್, ಬಯಲ ದಾರಿ, ಮೋಡ ಬೇರೆ ಕಟ್ಟಿದೆ. ಅವರನ್ನ ಒಂದೂಕಾಲು ಗಂಟೆ ಹಿಡಿದಿಡಬಲ್ಲೆ. ಅದರ ಮೇಲೆ ನನ್ನ ಮಾತು ನಡೆಯಲ್ಲ. ಕಾಯಬೇಕಾ, ಬೇಡವಾ? ಒಂದೇ ಮಾತು ಹೇಳಿ.”

ಅಜಿಗಾಲಿ ದಾಲಬಾಯ್‌ನ ಮೊದಲ ಮಗ. ಆದರೆ ಮೊದಲ ಮೊಮ್ಮಗ ಅಜ್ಜ ಅಜ್ಜಿಯ ಪಾಲು ಎಂಬ ಪದ್ಧತಿಯಂತೆ, ಹಾಲು ಬಿಟ್ಟ ಮೇಲೆ ಅವನು ಬೆಳೆದದ್ದು ಈಗ ತೀರಿಕೊಂಡ ಜನಿಲ್ ಅಜ್ಜಿಯ ಮಡಿಲಲ್ಲಿ. ಆಕೆಯನ್ನೇ ಅವ್ವ ಎಂದು ಕರೆದವನು. ಅಂಥವನು ಆಕೆಯ ಗುಂಡಿಗೆ ಒಂದು ಹಿಡಿ ಮಣ್ಣು ಹಾಕದೆ ಹೋದರೆ ಆ ಕೊರತೆ ಅವನು ಬದುಕಿರುವವರೆಗೆ ಬೆನ್ನು ಬಿಡುವುದಿಲ್ಲ. ಇಲ್ಲಿನವರು ಪರಸ್ಪರ ಹರಸುವಾಗಲೂ ‘ನಿನ್ನವರ ಮಣ್ಣು ನಿನಗೆ ದಕ್ಕಲಿ’ ಎನ್ನುತ್ತಾರೆ. ಇದು ದಾಲಬಾಯ್‌ಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಯಾಕೆಂದು ಬಾತಿಮಾಗೆ ಗೊತ್ತು.

“ಐದು ನಿಮಿಷ ಕೊಡಿ” ಎಂದು ಅವರು ಫೋನಿಡುತ್ತಾರೆ. ಮೇಲಕ್ಕೆ ಫೋನ್ ಮಾಡದೆ, ಮೊಣಕಾಲು ನೋವನ್ನೂ ಲೆಕ್ಕಿಸದೆ ತಾವೇ ಮೆಟ್ಟಿಲು ಹತ್ತುತ್ತಾರೆ. ಲರೀಸಾ ಅವರ ಮುಂದಿರುವ ಗಾಳಿಯ ನಕ್ಷೆಯನ್ನು ಕಣ್ಣಾರೆ ನೋಡುತ್ತಾರೆ. ರೆಕ್ಕೆ ತೊಳೆಯುವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಬಹುದೆಂದು ಲರೀಸಾ ಅಲ್ಮಾಟಿಯನ್ನು ವಿಚಾರಿಸುತ್ತಾರೆ. ವಿಮಾನ ಎಂಟೂ ಇಪ್ಪತ್ತಾರಕ್ಕೆ ಏಳಲಿದೆ. ಬಾತಿಮಾ ಕೆಳಗಿಳಿದು ಬಂದು ಪುಸ್ತಕದಲ್ಲಿ ಬರೆದು, ಕೂಡಿ, ಇನ್ನೊಮ್ಮೆ ಕೂಡಿ, ಆಮೇಲೆ ಫೋನ್ ಮಾಡುತ್ತಾರೆ.

“ದಾಲಬಾಯ್ ಅಗಾ, ಕಾಯಿರಿ. ಹನ್ನೊಂದು ಐವತ್ತಾರಕ್ಕೆ ಚಕ್ರ ನೆಲ ಮುಟ್ಟುತ್ತೆ. ಗಾಡಿ ಬಾಗಿಲಲ್ಲೇ ನಿಂತಿರಲಿ. ಒಂದೂಮುಕ್ಕಾಲಿನ ಒಳಗೆ ಹುಡುಗ ನಿಮ್ಮ ಅಂಗಳದಲ್ಲಿರ್ತಾನೆ. ಮಧ್ಯಾಹ್ನದ ನಮಾಜು ಮುಗಿಸಿ ಎತ್ತಿ. ಯಾರು ಏನೇ ಅಂದ್ರೂ ಅದಕ್ಕೆ ಮುಂಚೆ ಎತ್ತಬೇಡಿ.”

ಆ ಕಡೆ ದಾಲಬಾಯ್ ಆ ಹೊತ್ತನ್ನು ಇನ್ನೊಮ್ಮೆ ಹೇಳಿಕೊಳ್ಳುತ್ತಾನೆ.

“ನನ್ನ ಮಾತಿನ ಮೇಲೆ ನಂಬಿಕೆ ಇದೆಯಾ ನಿಮಗೆ?” ಎಂದು ಬಾತಿಮಾ ಕೇಳಿಯೇ ಬಿಡುತ್ತಾರೆ.

“ಒಮ್ಮೆ ಎಡವಿದವರಿಗೆ ಕಲ್ಲು ಎಲ್ಲಿದೆ ಅಂತ ಗೊತ್ತಿರುತ್ತೆ. ಅದಕ್ಕೇ ನಿಮ್ಮನ್ನೇ ಕೇಳಿದ್ದು” ಎಂದು ದಾಲಬಾಯ್ ಫೋನಿಡುತ್ತಾನೆ.

ಅವರು ಎಡವಿದ್ದು ಕಳೆದ ವರ್ಷದ ಮಾರ್ಚ್ ಮೊದಲ ವಾರದಲ್ಲಿ. ಅಲ್ಲಿಯವರೆಗೆ ಅಲ್ಮಾಟಿಯ ಗಡಿಯಾರ ಅಕ್ತಾವ್‌ಗಿಂತ ಒಂದು ಗಂಟೆ ಮುಂದಿತ್ತು. ಅಲ್ಲಿ ಹತ್ತಕ್ಕೆ ಎದ್ದ ವಿಮಾನ ಮೂರು ಗಂಟೆ ಹಾರಿದರೂ ಇಲ್ಲಿನ ಗಡಿಯಾರದಲ್ಲಿ ಹನ್ನೆರಡಕ್ಕೇ ಇಳಿಯುತ್ತಿತ್ತು. ಮೂವತ್ತು ವರ್ಷ ಬಾತಿಮಾ ಆ ಒಂದು ಗಂಟೆಯನ್ನು ಕಳೆದೂ ಕಳೆದೂ ಹೊತ್ತು ಹೇಳಿದವರು. ಮಾರ್ಚ್ ಒಂದರಿಂದ ದೇಶಕ್ಕೆಲ್ಲ ಒಂದೇ ಗಂಟೆ ಬಂತು. ಕಳೆಯುವುದಕ್ಕೆ ಏನೂ ಉಳಿಯಲಿಲ್ಲ. ಬಾತಿಮಾ ಗೋಡೆಗೆ ಚೀಟಿ ಅಂಟಿಸಿಕೊಂಡರು, ಕೈಗೆ ದಾರ ಕಟ್ಟಿಕೊಂಡರು, ಮೂರು ದಿನ ಹುಷಾರಾಗಿಯೇ ಇದ್ದರು. ನಾಲ್ಕನೆಯ ದಿನ ಒಂದು ಹಳ್ಳಿಯಿಂದ ಫೋನ್ ಬಂತು. ಮುದುಕರೊಬ್ಬರು ತೀರಿಕೊಂಡಿದ್ದಾರೆ, ಮಗ ದಾಲಬಾಯ್ ಅಲ್ಮಾಟಿಯಿಂದ ಹತ್ತರ ವಿಮಾನಕ್ಕೆ ಹೊರಟಿದ್ದಾನೆ, ಯಾವಾಗ ಇಳಿಯುತ್ತೆ?

“ಹನ್ನೆರಡಕ್ಕೆ” ಎಂದುಬಿಟ್ಟರು ಬಾತಿಮಾ. ನಾಲಿಗೆ ಹಳೆಯ ದಾರಿಯಲ್ಲೇ ನಡೆದುಬಿಟ್ಟಿತ್ತು.

ಬಾತಿಮಾ ಹೇಳಿದ ಮೇಲೆ ಬೋರ್ಡು ನೋಡುವವರು ಯಾರು? ಹನ್ನೆರಡಾಯಿತು, ಹನ್ನೆರಡೂವರೆಯೂ ಆಯಿತು. ದಾಲಬಾಯ್‌ನ ಫೋನು ಹತ್ತಲಿಲ್ಲ, ಅವನು ಇನ್ನೂ ಮೋಡದ ಮೇಲಿದ್ದ. ವಿಮಾನ ತಪ್ಪಿಸಿಕೊಂಡಿದ್ದಾನೆ ಎಂದು ಹಳ್ಳಿಯಲ್ಲಿ ಅಂದುಕೊಂಡರು. ಧೂಳುಗಾಳಿ ಏಳುತ್ತಿತ್ತು. ಊರಲ್ಲೇ ಇದ್ದ ಅಜಿಗಾಲಿ ಕಾಯೋಣ ಎಂದು ಗೋಗರೆದ, ಹಿರಿಯರು ಒಪ್ಪಲಿಲ್ಲ. ಮುಕ್ಕಾಲು ಗಂಟೆ ಕಾದು ಎತ್ತಿಕೊಂಡು ಹೊರಟೇಬಿಟ್ಟರು. ಒಂದು ಗಂಟೆಗೆ ಇಳಿದ ದಾಲಬಾಯ್ ಗಾಡಿ ಓಡಿಸಿಕೊಂಡು ಬಂದಾಗ ಮನೆಯಲ್ಲಿ ಹೆಂಗಸರು ಮಾತ್ರ ಇದ್ದರು. ಫೋನು ಸಿಗದ ಆ ಬಯಲಿನ ಸ್ಮಶಾನ ಮುಟ್ಟಿದಾಗ ಜನ ಆಗಲೇ ಕೈ ತೊಳೆಯುತ್ತಿದ್ದರು. ದಿಬ್ಬವನ್ನು ತಟ್ಟಿ ಸಮ ಮಾಡಿ ಆಗಿತ್ತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. “ಯಾರೂ ನನ್ನನ್ನ ಬಯ್ಯಲಿಲ್ಲ. ಗಂಟೆ ಬದಲಾಗಿತ್ತು, ಎಲ್ಲರೂ ತಪ್ಪು ಮಾಡ್ತಾರೆ ಅಂದ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು” ಎನ್ನುವಾಗ ಬಾತಿಮಾ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ. ಆ ಚೀಟಿ ಇನ್ನೂ ಅಲ್ಲೇ ಇದೆ.

ಏಳನೆಯ ದಿನದ ಊಟಕ್ಕೆ ಯಾರೂ ಕರೆಯದೆ ಅವರು ಆ ಮನೆಗೆ ಹೋದರು. ಬಸ್ಸಿನಲ್ಲಿ ನೂರಾ ಹತ್ತು ಕಿಲೋಮೀಟರ್. ಹೊಸಿಲಲ್ಲಿ ನಿಂತು, “ಹನ್ನೆರಡಕ್ಕೆ ಅಂತ ಹೇಳಿದವಳು ನಾನೇ” ಎಂದರು. ದಾಲಬಾಯ್ ಎದ್ದು ಹೊರಗೆ ಹೋದ. ಒಂಟೆಗಳ ಪಕ್ಕ ನಿಂತವನು ಅವರು ಹೊರಡುವವರೆಗೂ ಒಳಗೆ ಬರಲಿಲ್ಲ. ತಿರುಗಿ ಹೊರಟಿದ್ದ ಬಾತಿಮಾ ಅವರ ಕೈ ಹಿಡಿದು ಕೂರಿಸಿಕೊಂಡದ್ದು ಗಂಡನನ್ನು ಕಳೆದುಕೊಂಡ ಜನಿಲ್ ಅಜ್ಜಿ. ರೊಟ್ಟಿ ಮುರಿದು ಕೈಗೆ ಕೊಟ್ಟು ಹೇಳಿದರಂತೆ: “ಬಾಗಿಲಿಗೆ ಬಂದೋಳು ಬಾಯಿ ಮುಟ್ಟಿಸದೆ ಹೋಗಬಾರದು ಮಗಳೇ. ತಿನ್ನು. ತಿಂದು ಹೋಗಿ, ಇನ್ನೊಬ್ಬರಿಗೆ ಸರಿಯಾಗಿ ಹೇಳು.”

ಅದೇ ಜನಿಲ್ ಅಜ್ಜಿ ಇವತ್ತು ಬಿಳಿ ಬಟ್ಟೆಯಲ್ಲಿ ಮಲಗಿದ್ದಾರೆ.

ರೊಟ್ಟಿ ತಿಂದು ಬಂದ ಮರುದಿನವೇ ಬಾತಿಮಾ ಪುಸ್ತಕ ಶುರು ಮಾಡಿದರು. ಅದಕ್ಕೂ ಮೊದಲು ಅಂದಾಜಿಗೆ, ಅನುಭವಕ್ಕೆ ಹೊತ್ತು ಹೇಳುತ್ತಿದ್ದವರು ಈಗ ಗಾಳಿ ಕೇಳದೆ ಒಂದು ಮಾತೂ ಹೇಳುವುದಿಲ್ಲ. ಸಾಲಿಗೊಂದು ವಿಮಾನ. ಎದ್ದ ಹೊತ್ತು, ಮೇಲಿನ ಗಾಳಿ, ತಾವು ಹೇಳಿದ್ದು, ಚಕ್ರ ನಿಜವಾಗಿ ನೆಲ ಮುಟ್ಟಿದ್ದು. ಇಪ್ಪತ್ತು ತಿಂಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಸಾಲು, ನಾಲ್ಕು ದಪ್ಪ ಪುಸ್ತಕ. ಬಹುಪಾಲು ಮೂರು ನಿಮಿಷದ ಆಚೀಚೆ. ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪಿದ್ದು ಹನ್ನೊಂದು ಸಲ. ಆ ಹನ್ನೊಂದಕ್ಕೂ ಕೆಂಪು ಗೆರೆ ಎಳೆದು, ಯಾಕೆ ತಪ್ಪಿತು ಎಂದು ಪಕ್ಕದಲ್ಲಿ ಬರೆದಿದ್ದಾರೆ.

ಮೇಲಿನವರಿಗೆ ಇದು ಹಿಡಿಸಲಿಲ್ಲ. ಬೋರ್ಡಿನಲ್ಲಿ ಇದ್ದದ್ದನ್ನು ಓದಿ ಹೇಳು, ಗಾಳಿಯ ವಿಚಾರಕ್ಕೆ ಮೂಗು ತೂರಿಸಬೇಡ ಎಂದು ಎರಡು ಸಲ ಕಾಗದ ಬಂತು. ಬಾತಿಮಾ ಎರಡಕ್ಕೂ ಸಹಿ ಹಾಕಿ ಕೊಟ್ಟು, ಗಾಳಿ ಕೇಳುವುದನ್ನು ಮುಂದುವರಿಸಿದರು. “ಬೋರ್ಡು ಓದೋಕೆ ಎಲ್ಲರಿಗೂ ಕಣ್ಣಿದೆ. ಕಣ್ಣಿಗೆ ಕಾಣದ್ದನ್ನ ಕೇಳೋಕೆ ತಾನೇ ನನಗೆ ಫೋನ್ ಮಾಡೋದು? ಬೇಕಾದ್ರೆ ನನ್ನನ್ನ ತೆಗೀಲಿ. ನಾನು ಇಲ್ಲಿರೋವರೆಗೆ ಇಷ್ಟೇ.” ಫೋನ್ ಮಾಡುವವರ ಬಾಯಿಯೂ ಕಡಿಮೆಯಲ್ಲ. ಟ್ಯಾಕ್ಸಿಯವನೊಬ್ಬ, “ನೀನೇನು ಗಾಳಿಯ ಹೆಂಡತಿಯಾ?” ಎಂದು ಕೇಳಿದ್ದನಂತೆ. “ಹೆಂಡತಿ ಅಲ್ಲಪ್ಪ, ಅತ್ತೆ. ಅದಕ್ಕೇ ನನ್ನ ಮಾತು ಕೇಳಲ್ಲ, ಆದ್ರೆ ಅದು ಏನು ಮಾಡುತ್ತೆ ಅಂತ ನನಗೆ ಗೊತ್ತು” ಎಂದು ಇವರು ಫೋನಿಟ್ಟರಂತೆ.

ಒಂಬತ್ತರ ಹೊತ್ತಿಗೆ ಹೊರಗೆ ಬೆ‌ಳ್ಳನೆ ಬೆಳಕಾಗಿದೆ. ಬೀಗರ ಮನೆಗೆ ತಿರುಗಿ ಫೋನ್ ಹೋಗಿದೆ, ಒಲೆ ಅರ್ಧ ಗಂಟೆ ಮುಂದಕ್ಕೆ ಹೋಗಿದೆ. ಆರರಿಂದ ಈವರೆಗೆ ಮೂವತ್ತೆಂಟು ಕರೆ ಬಂದಿವೆ. ಪ್ರತಿ ಕರೆ ಮುಗಿದಾಗಲೂ ಬಾತಿಮಾ ಅವರ ಕಣ್ಣು ಗಡಿಯಾರಕ್ಕೆ ಹೋಗುತ್ತದೆ. ಮಧ್ಯಾಹ್ನದವರೆಗೆ ಅವರು ಏನೂ ತಿನ್ನುವುದಿಲ್ಲ. ತಂದಿದ್ದ ಒಣಮೊಸರಿನ ಉಂಡೆಗಳು ಡಬ್ಬಿಯಲ್ಲೇ ಉಳಿದಿವೆ.

ಹತ್ತೂ ನಲವತ್ತಕ್ಕೆ ಲರೀಸಾ ತಾವೇ ಇಳಿದು ಬರುತ್ತಾರೆ.

“ಅರಾಲ್ ಸಮುದ್ರ ದಾಟಿದ ಮೇಲೆ ಗಾಳಿ ಇನ್ನೂ ಸ್ವಲ್ಪ ಏರಿದೆ, ಬಾತಿಮಾ.”

“ಎಷ್ಟು?”

“ಎರಡು ನಿಮಿಷ ತಿನ್ನಬಹುದು. ಹೆಚ್ಚಂದ್ರೆ ಮೂರು.”

ಬಾತಿಮಾ ಉಸಿರು ಬಿಡುತ್ತಾರೆ. “ಎರಡು ನಿಮಿಷಕ್ಕೆ ಗಾಡಿಯವನು ಒಂದು ಸಿಗರೇಟು ಕಡಿಮೆ ಸೇದಲಿ ಬಿಡು.”

ಹನ್ನೊಂದೂ ಇಪ್ಪತ್ತಕ್ಕೆ ಹಳ್ಳಿಯಿಂದಲೇ ಫೋನು. ಮಾತಾಡುತ್ತಿರುವುದು ದಾಲಬಾಯ್ ಅಲ್ಲ. ಅವನ ಕುಲದ ಹಿರಿಯ, ಎಂಬತ್ತು ದಾಟಿದ ಮೆಂದಿಬಾಯ್. ಮುದುಕನ ದನಿಗೆ ಫೋನೇ ಬೇಕಾಗಿಲ್ಲ, ಕೋಣೆಯ ಹೊರಗೂ ಕೇಳುತ್ತಿದೆ.

“ಏ ಹುಡುಗಿ! ಬೋರ್ಡು ಹನ್ನೊಂದೂ ಐದು ಅಂತಿತ್ತಂತೆ. ನನ್ನ ಮೊಮ್ಮಗಳು ಅದ್ಯಾವುದೋ ಪೆಟ್ಟಿಗೇಲಿ ನೋಡಿದ್ಲು. ಹುಡುಗನ ಫೋನು ಸತ್ತೈತೆ. ಅವನು ಹೊರಟೇ ಇಲ್ಲ ಅಂತ ಕಾಣ್ತದೆ. ನಾವು ಕಾಯಲ್ಲ, ಎತ್ತತೀವಿ.”

“ಎತ್ತಬೇಡಿ, ಅತಾ” ಎಂದು ಬಾತಿಮಾ ಅಜ್ಜನನ್ನು ಕರೆಯುವಂತೆ ಹೇಳುತ್ತಾರೆ. “ ಹೊರಟಿದ್ದಾನೆ. ವಿಮಾನ ಇನ್ನೂ ಮೇಲೇ ಇದೆ, ಅದಕ್ಕೇ ಫೋನು ಹತ್ತಲ್ಲ.”

“ಹೋದ್ಸಲಾನೂ ಹಿಂಗೇ ಏನೋ ಹೇಳಿದ್ಯಲ್ಲ ನೀನು!”

ಬಾತಿಮಾ ಅವರ ಮುಖ ಕಪ್ಪಿಡುತ್ತದೆ. ಆದರೆ ದನಿ ಅಲುಗುವುದಿಲ್ಲ. “ಹೋದ್ಸಲ ತಪ್ಪು ಹೇಳಿದೆ, ಅತಾ. ಅದು ನನ್ನ ತಲೆ ಮೇಲಿದೆ, ನಾನು ಇಳಿಸಿಲ್ಲ. ಈ ಸಲ ಗಾಳಿ ನೋಡಿ ಹೇಳ್ತಿದೀನಿ.”

“ಎಷ್ಟು ದೂರ ಇದಾನೆ ಹಂಗಾದ್ರೆ? ಗಂಟೆ ಗಿಂಟೆ ನಂಗೆ ಹೇಳ್ಬೇಡ.”

“ಎರಡು ಸಮೋವಾರ್ ಟೀ ನೀರು ಕುದಿಯೋಷ್ಟು ಹೊತ್ತಿಗೆ ನೆಲ ಮುಟ್ತಾನೆ. ಅಲ್ಲಿಂದ ಒಂದು ಕುರಿ ಮಾಂಸ ಬೇಯೋದ್ರೊಳಗೆ ನಿಮ್ಮ ಮುಂದೆ ನಿಂತಿರ್ತಾನೆ. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿಗೂ ಹೊತ್ತಾಗುತ್ತೆ.”

ಮೆಂದಿಬಾಯ್ ಏನನ್ನೋ ಗೊಣಗುತ್ತಾ ಯೋಚಿಸುತ್ತಾನೆ. ನಿಮಿಷಗಳಲ್ಲಿ ಹೇಳಿದ್ದರೆ ವಾದ ಮಾಡುತ್ತಿದ್ದನೋ ಏನೋ. ಸಮೋವಾರ್ ಜೊತೆ ಯಾರು ವಾದ ಮಾಡುತ್ತಾರೆ? “ಸರಿ. ಎರಡು ಸಮೋವಾರ್ ಇಡಿಸ್ತೀನಿ. ಎರಡನೇದು ಖಾಲಿ ಆಗೋದ್ರೊಳಗೆ ಅವನ ದನಿ ಕೇಳದಿದ್ರೆ ನಾವು ಹೊರಟ್ವಿ ಅಂತ ತಿಳ್ಕೋ.”

ಆಮೇಲಿನ ಅರ್ಧ ಗಂಟೆ ಬಾತಿಮಾ ಪ್ರತಿ ಕರೆಗೂ ಎಂದಿನಂತೆಯೇ ಉತ್ತರಿಸುತ್ತಾರೆ. ಕುರಿಯೋ ಕುದುರೆಯೋ ಎಂದು ಕೇಳುತ್ತಾರೆ, ತಮಾಷೆಯನ್ನೂ ಮಾಡುತ್ತಾರೆ. ಎಡಗೈ ಮಾತ್ರ ಪುಸ್ತಕದ ಅಂಚನ್ನು ಹಿಡಿದೇ ಇದೆ. ಹನ್ನೊಂದು ಐವತ್ತಾರು ಆಗುತ್ತದೆ. ಐವತ್ತೇಳು. ಆ ಹೊತ್ತಿನಲ್ಲಿ ಬಂದ ಫೋನನ್ನು ಅವರು ಎತ್ತುವುದಿಲ್ಲ. ಮೂವತ್ಮೂರು ವರ್ಷದಲ್ಲಿ ಹೀಗೆ ಬಡಿದುಕೊಳ್ಳಲು ಬಿಟ್ಟ ಫೋನು ಇದೊಂದೇ ಎಂದು ಆಮೇಲೆ ಹೇಳುತ್ತಾರೆ.

ಮೆಟ್ಟಿಲ ಮೇಲಿನಿಂದ ಲರೀಸಾ ಕೂಗುತ್ತಾರೆ. “ಮುಟ್ಟಿತು! ಐವತ್ತೆಂಟು!”

ಬಾತಿಮಾ ಪುಸ್ತಕ ತೆರೆದು ಹನ್ನೊಂದು ಐವತ್ತೆಂಟು ಎಂದು ಬರೆಯುತ್ತಾರೆ. ಎರಡು ನಿಮಿಷ ವ್ಯತ್ಯಾಸ ಎಂದು ಪಕ್ಕದಲ್ಲಿ ಗುರುತು ಹಾಕುತ್ತಾರೆ. ಎದ್ದು ನಿಂತು, ಈ ಕೋಣೆಯಿಂದ ಹೊರಬಂದು, ಹೊರಬಾಗಿಲ ಗಾಜಿನ ಹಿಂದೆ ನಿಲ್ಲುತ್ತಾರೆ. ಕರಿ ಕೋಟಿನ ಹುಡುಗನೊಬ್ಬ ಕೈಯಲ್ಲಿ ಏನೂ ಇಲ್ಲದೆ, ಫೋನು ಕಿವಿಗೊತ್ತಿಕೊಂಡು, ಓಡಿ ಬಂದು ಕಾದಿದ್ದ ಗಾಡಿ ಹತ್ತುತ್ತಾನೆ. ಅಲ್ಲಿ ನಿಂತ ಹೆಂಗಸನ್ನು ಅವನು ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ. ಬಾತಿಮಾ ಒಳಗೆ ಬಂದು ಮೊದಲ ಸಲ ಡಬ್ಬಿ ತೆರೆಯುತ್ತಾರೆ.

ಬರುವ ವಸಂತಕ್ಕೆ ಅವರ ಕೆಲಸದ ಅವಧಿ ಮುಗಿಯುತ್ತದೆ. ಆಮೇಲೆ ಈ ಕೋಣೆಗೆ ಬೀಗ, ಫೋನಿಗೆ ಮುದ್ರಿಸಿಟ್ಟ ದನಿ ಎಂದು ತೀರ್ಮಾನವಾಗಿದೆಯಂತೆ. ಬಾತಿಮಾ ಅತ್ತು ಕರೆದು ಮಾಡುವವರಲ್ಲ. ಒಬ್ಬ ಮನುಷ್ಯರನ್ನು ಕೂರಿಸಿ ಎಂದು ಮೂರು ಅರ್ಜಿ ಬರೆದಿದ್ದಾರೆ, ನಾಲ್ಕನೆಯದು ಮೇಜಿನ ಮೇಲಿದೆ. ಜೊತೆಗೆ, ಯಾರು ಬಂದರೂ ಅರ್ಥವಾಗುವಂತೆ, ಗಾಳಿ ಕೇಳಿ ಹೊತ್ತು ಕೂಡುವ ಬಗೆಯನ್ನು ಶಾಲೆಯ ನೋಟುಪುಸ್ತಕದಲ್ಲಿ ಸರಳವಾಗಿ ಬರೆಯುತ್ತಿದ್ದಾರೆ. “ನಾಲ್ಕಕ್ಕೂ ಆಗಲ್ಲ ಅಂದ್ರೆ ಐದನೇದು ಬರೀತೀನಿ. ಕಾಗದಕ್ಕೇನು ಬರವಾ?”

ಸಂಜೆ ಐದಾಗುತ್ತಿದೆ. ಕೋಟು ತೊಟ್ಟು ನಿಂತಿದ್ದಾಗ ಫೋನು. ಕೋಟಿನಲ್ಲೇ ಎತ್ತಿಕೊಳ್ಳುತ್ತಾರೆ.

“ಮಣ್ಣು ದಕ್ಕಿತು, ತಂಗಿ” ಎನ್ನುತ್ತಾನೆ ದಾಲಬಾಯ್. ಹಿಂದೆ ಗಾಳಿಯ ಸದ್ದು ಕೇಳುತ್ತಿದೆ. “ಒಂದೂವರೆ ದಾಟಿ ಸ್ವಲ್ಪಕ್ಕೇ ಅಂಗಳಕ್ಕೆ ಬಂದ. ಮೊದಲನೇ ಹಿಡಿ ಅವನದೇ. ಅಪ್ಪನ ಮಗ್ಗುಲಲ್ಲೇ ಅವ್ವನ್ನ ಮಲಗಿಸಿದ್ವಿ. ನಾನು ಅವ್ವನಿಗೊಂದು ಹಿಡಿ ಹಾಕಿದೆ. ಆಮೇಲೆ ಅಪ್ಪನ ದಿಬ್ಬದ ಮೇಲೂ ಒಂದು ಹಿಡಿ ಹಾಕಿದೆ. ಹಿರಿಯರು ಯಾರೂ ಏನೂ ಅನ್ನಲಿಲ್ಲ.”

ಬಾತಿಮಾ ಕೋಟು ತೊಟ್ಟೇ ಕುರ್ಚಿಯಲ್ಲಿ ಕೂರುತ್ತಾರೆ.

“ಏಳನೇ ದಿನಕ್ಕೆ ಬಾ” ಎನ್ನುತ್ತಾನೆ ದಾಲಬಾಯ್. “ಈ ಸಲ ನಾನು ಒಳಗೇ ಕೂತಿರ್ತೀನಿ.”

ಫೋನಿಟ್ಟು ಅವರು ಕಣ್ಣು ಒರೆಸಿಕೊಳ್ಳುತ್ತಾರೆ, ಮರೆಮಾಡುವುದಿಲ್ಲ. ಒಮ್ಮೆಯೂ ವಿಮಾನ ಹತ್ತದ ನಿಮಗೆ ಅಲ್ಮಾಟಿಗೆ ಹಾರಿ ಬರುವ ಆಸೆ ಇಲ್ಲವೇ ಎಂದು ಕೇಳಿದರೆ ನಕ್ಕುಬಿಡುತ್ತಾರೆ. “ಆ ದಾರಿ ನನಗೆ ಬಾಯಿಪಾಠ. ಹತ್ತಿ ನೋಡೋದೇನಿದೆ?” ಬೇರೆ ಏನು ಬೇಕು ಎಂದರೆ ಸ್ವಲ್ಪ ಯೋಚಿಸಿ, ಪುಸ್ತಕವನ್ನು ಮೇಜಿನ ಒಳಗಿಟ್ಟು, ಹೇಳುತ್ತಾರೆ:

“ನನ್ನ ತಮ್ಮ ಅಲ್ಮಾಟಿಲಿದ್ದಾನೆ. ನನ್ನ ದಿನ ಬಂದಾಗ ಅವನು ಹೊರಟು ಬರ್ತಾನಲ್ಲ, ಅವತ್ತು ಈ ಫೋನ್ ಎತ್ತೋರು ಯಾರೇ ಆಗಿರಲಿ, ಮೇಲೆ ಗಾಳಿ ಎಷ್ಟಿದೆ ಅಂತ ಒಂದು ಮಾತು ಕೇಳಿ ಹೇಳಿದ್ರೆ ಸಾಕು.”